ಒಂದೇ ನೀಲಿ

ಹೊಗಳಿಕೆಯ ಮೂವತ್ತೊಂದು ಪತ್ರಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಪತ್ರ ಎರಡು ದಿನದಿಂದ ಅವಳನ್ನು ಬಿಟ್ಟಿರಲಿಲ್ಲ. ಅದು ಬೈಗುಳವಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಬೈದವರಿಗೆ ಏನು ಬರೆಯಬೇಕೆಂಬುದು ಈ ಎಂಟು ತಿಂಗಳಲ್ಲಿ ಅವಳಿಗೆ ಕರಗತವಾಗಿತ್ತು. ‘ಹೋದ ವಾರ ಆರು ದಿನ ಕೂತು ನಾನ್ನೂರ ಹನ್ನೆರಡು ಪುಸ್ತಕಗಳನ್ನು ಸೇರಿಸಿದ್ದೆ. ಸೋಮವಾರ ನೋಡಿದರೆ ಒಂದೂ ಇಲ್ಲ. ನಿಜವಾಗಿ ಸೇರಿಸಿದೆನೋ, ಸೇರಿಸಿದೆ ಎಂದು ಅಂದುಕೊಂಡೆನೋ, ಈಗ ನನಗೇ ತಿಳಿಯುತ್ತಿಲ್ಲ. ತಪ್ಪು ನನ್ನದೇ ಇರಬೇಕು. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ.’ ಇಷ್ಟೇ. ಕೆಳಗೆ ಒಂದು ಗ್ರಂಥಾಲಯದ ಹೆಸರು, ವಿಳಾಸ. ಭೂಮಿಯ ಯಾವ ಮೂಲೆಯಿಂದಾದರೂ ಬರಬಹುದಾಗಿದ್ದ ಪತ್ರ ಅವಳ ಊರಿನ ಇನ್ನೊಂದು ತುದಿಯಿಂದ, ಅವಳ ಮನೆಯ ಮುಂದೆಯೇ ಹಾದುಹೋಗುವ ಬಸ್ಸಿನ ಕೊನೆಯ ನಿಲ್ದಾಣದಿಂದ ಬಂದಿತ್ತು. ಅದಕ್ಕೇ ಈ ಬುಧವಾರ ಬೆಳಿಗ್ಗೆ ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿ ಹಲ್ಲುನೋವೆಂದು ಸುಳ್ಳು ಹೇಳಿ, ಹೇಳಿದ ಮೇಲೆ ನಿಜವಾಗಿಯೂ ಒಂದು ದವಡೆ ಜುಮುಗುಟ್ಟಿದಂತಾಗಿ, ಅವಳು ಆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದಳು. ಹೋಗುತ್ತಿದ್ದುದು ಕ್ಷಮೆ ಕೇಳಲಿಕ್ಕಂತೂ ಅಲ್ಲ. ಕ್ಷಮೆ ಕೇಳುವಂಥದ್ದೇನನ್ನಾದರೂ ತಾನು ಮಾಡಿದ್ದೇನೆಯೇ ಎಂಬುದೇ ಇನ್ನೂ ಗೊತ್ತಿರಲಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳು ತಾನಲ್ಲ ಎಂದು ಅವಳು ಅಂದುಕೊಂಡಿದ್ದಳು. ಆದರೂ ಸೋಮವಾರದಿಂದ ಕೈ ಹೆಗಲಿನ ಮೇಲೆಯೇ ಇತ್ತು.

ಪ್ರೆಸ್ಸಿನಲ್ಲಿ ಅವಳದು ಪುಟ ಜೋಡಿಸುವ ಕೆಲಸ. ಶಾಲೆಯ ಅರ್ಜಿ, ಔಷಧದ ಅಂಗಡಿಯ ಚೀಟಿ, ಪರೀಕ್ಷೆಯ ಹಾಜರಿ ಪಟ್ಟಿ. ಇಪ್ಪತ್ತೆರಡು ವರ್ಷದಿಂದ ಅವಳು ಜೋಡಿಸಿದ ಪುಟಗಳನ್ನು ಊರಿನ ಅರ್ಧ ಜನ ತುಂಬಿದ್ದಾರೆ, ಮಡಚಿದ್ದಾರೆ, ಹರಿದು ಎಸೆದಿದ್ದಾರೆ, ಒಬ್ಬರಾದರೂ ನೋಡಿಲ್ಲ. ಎರಡು ವರ್ಷದ ಹಿಂದೆ, ಸಣ್ಣ ಗ್ರಂಥಾಲಯಗಳಿಗೆ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳಲು ಅನುಕೂಲವಾಗುವ ತಂತ್ರಾಂಶವೊಂದನ್ನು ಬಿಟ್ಟಿಯಾಗಿ ಕಟ್ಟಿ ಹಂಚುತ್ತಿದ್ದ ಗುಂಪೊಂದು ಅವಳಿಗೆ ಸಿಕ್ಕಿತು. ಯಾರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಒಬ್ಬರ ಮುಖ ಒಬ್ಬರು ಕಾಣದ ಜನ, ಸಂಬಳವಿಲ್ಲ, ಯಜಮಾನನಿಲ್ಲ, ಜಗಳಕ್ಕೆ ಮಾತ್ರ ಕೊರತೆಯಿಲ್ಲ. ಗುಂಪಿಗೆ ಒಂಬತ್ತು ಜಾಲತಾಣಗಳಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದೊಂದೂ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಮುಖಪುಟ ಬೂದಿ ಬಣ್ಣ. ಸಹಾಯದ ಪುಟಗಳಲ್ಲಿ ಇರುವೆಸಾಲಿನಂಥ ಅಕ್ಷರ. ಚರ್ಚೆಯ ತಾಣ ಪಾಚಿಯ ಹಸಿರು. ಹೊಸಬರು ಕೈ ಪಳಗಿಸಿಕೊಳ್ಳಲೆಂದು ಇಟ್ಟಿದ್ದ ಅಭ್ಯಾಸದ ತಾಣವಂತೂ ರಸ್ತೆ ರಿಪೇರಿಯ ಫಲಕದ ಹಾಗೆ ಉರಿಯುವ ಕಿತ್ತಳೆ. ಮೇಲೊಂದು ಅಡ್ಡಪಟ್ಟಿ, ಅದರ ತುಂಬ ‘ಇದು ಅಭ್ಯಾಸ ಮಾತ್ರ! ಭಾನುವಾರ ಎಲ್ಲ ಅಳಿಸಿಹೋಗುತ್ತದೆ!’ ಎಂಬ ದಪ್ಪ ಅಕ್ಷರದ ಕೂಗಾಟ. ಮೊದಲ ಸಲ ಅದನ್ನು ನೋಡಿದಾಗ ಮದುವೆಮನೆಗೆ ಕುಡಿದು ಬಂದ ನೆಂಟನನ್ನು ಕಂಡಷ್ಟು ನಾಚಿಕೆಯಾಗಿತ್ತು ಅವಳಿಗೆ. ಒಂಬತ್ತಕ್ಕೂ ಒಂದೇ ಚಹರೆ ಕೊಡುವ ಕೆಲಸವನ್ನು ಕೈಯೆತ್ತಿ ಕೇಳಿ ಪಡೆದಳು. ಒಂದೇ ಅಕ್ಷರ, ಒಂದೇ ಅಂತರ, ಮೂಲೆ ಉರುಟಾದ ಒಂದೇ ಒತ್ತುಗುಂಡಿ, ಒಂದೇ ನೀಲಿ. ಆ ನೀಲಿಗಾಗಿ ಮೂರು ವಾರ ಒದ್ದಾಡಿದ್ದಳು. ಇಪ್ಪತ್ತಾರು ಪುಟದ ಕೈಪಿಡಿ ಬರೆದಳು. ಅದರ ಕೊನೆಯ ಸಾಲು, ‘ಯಾವ ತಾಣಕ್ಕೂ ವಿನಾಯಿತಿ ಇಲ್ಲ.’ ಗುಂಪಿನವರು ಅವಳನ್ನು ಬಣ್ಣದಕ್ಕ ಎಂದು ಕರೆಯತೊಡಗಿದರು. ನಲವತ್ತೆಂಟನೇ ವಯಸ್ಸಿನಲ್ಲಿ ತನಗೊಂದು ಅಡ್ಡಹೆಸರು ಬಂದದ್ದನ್ನು ಅವಳು ಒಳಗೊಳಗೇ ಎಷ್ಟು ಸಲ ಉಚ್ಚರಿಸಿಕೊಂಡಿದ್ದಳೋ.

ಒಬ್ಬನು ಮಾತ್ರ ತಕರಾರು ತೆಗೆದಿದ್ದ. ಎಲ್ಲದಕ್ಕೂ ಅಡ್ಡಬಾಯಿ ಹಾಕುವವನಾದ್ದರಿಂದ ಗುಂಪಿನಲ್ಲಿ ಅವನ ಹೆಸರು ಕಿರಿಕ್. ‘ಅಭ್ಯಾಸದ ತಾಣದ ಅಡ್ಡಪಟ್ಟಿ ಇದ್ದಲ್ಲೇ ಇರಲಿ. ಅದು ಚೆಂದಕ್ಕೆ ಇರೋದಲ್ಲ’ ಎಂದು ಒಂದೇ ಸಾಲು ಬರೆದಿದ್ದ. ಅವಳು ಉತ್ತರಿಸಿದ್ದಳು: ‘ಕಿರುಚಿದರೆ ಮಾತ್ರ ಕೇಳಿಸುತ್ತದೆ ಎಂಬುದು ಕಿರುಚುವವರ ನಂಬಿಕೆ.’ ಅದರ ಕೆಳಗೆ ಹನ್ನೊಂದು ಜನ ಮೇಲೆತ್ತಿದ ಹೆಬ್ಬೆರಳು ಒತ್ತಿದ್ದರು. ಕಿರಿಕ್ ಮತ್ತೆ ಮಾತಾಡಲಿಲ್ಲ. ಪಟ್ಟಿ ಹೋಯಿತು, ಅದರ ಬದಲು ಪುಟದ ತಳದಲ್ಲಿ, ತಾನು ಮಂಜಿನ ಬೂದು ಎಂದು ಹೆಸರಿಟ್ಟಿದ್ದ ಬಣ್ಣದಲ್ಲಿ, ‘ಅಭ್ಯಾಸದ ತಾಣ’ ಎಂಬ ಎರಡು ಪದ ಇಟ್ಟಳು. ಎಂಟು ತಿಂಗಳ ಕೆಲಸ ಮುಗಿದು, ಹತ್ತು ದಿನದ ಹಿಂದಿನ ಭಾನುವಾರ ರಾತ್ರಿ ಒಂಬತ್ತೂ ತಾಣಗಳು ಒಟ್ಟಿಗೆ ನೀಲಿಯಾದವು, ಹೊಗಳಿಕೆಯ ಪತ್ರಗಳು ಬರತೊಡಗಿದವು. ಆ ಉತ್ತರದ ಸಾಲನ್ನು ಗಂಡನಿಗೆ ಎರಡು ಸಲ ಓದಿ ಹೇಳಿದ್ದು ಈಗ ಬಸ್ಸಿನಲ್ಲಿ ನೆನಪಾಗಿ, ಕಿವಿಯ ತುದಿ ಬಿಸಿಯಾಯಿತು. ಎರಡನೇ ಸಲ ಓದಿದಾಗ ಗಂಡ, “ಚೆನ್ನಾಗಿದೆ, ನಿನ್ನೆಯೂ ಹೇಳಿದ್ಯಲ್ಲ” ಎಂದಿದ್ದ.

ಗ್ರಂಥಾಲಯ ಅಂಚೆ ಕಚೇರಿಯ ಮಹಡಿಯ ಮೇಲಿತ್ತು. ಮೆಟ್ಟಿಲ ಪಕ್ಕದ ಕಂಬಿ ಎಷ್ಟೋ ಅಂಗೈಗಳು ಉಜ್ಜಿ ಉಜ್ಜಿ ನಯವಾಗಿತ್ತು. ಒಳಗೆ ಉದ್ದನೆಯ ಒಂದೇ ಕೋಣೆ. ಎರಡು ಗೋಡೆಗೆ ಕಪಾಟು, ನಡುವೆ ಓದುವವರ ಮೇಜು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತು ಪೇಪರು ಓದುತ್ತಿದ್ದ ಇಬ್ಬರು ಮುದುಕರು. ಬಾಗಿಲ ಪಕ್ಕದ ಮೇಜಿನ ಹಿಂದೆ ಗ್ರಂಥಪಾಲಕರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರ ಮುಂದಿನ ಕಂಪ್ಯೂಟರಿನ ಅಂಚಿನ ಸುತ್ತ ಹಳದಿ ಚೀಟಿಗಳು ಅಂಟಿದ್ದವು. ಹತ್ತಿರ ಹೋದಾಗ ಓದಲಿಕ್ಕೆ ಬಂತು: ‘ಬೀಗ ತೆಗೆದದ್ದು 9.05.’ ‘ಚಹಾ ಆಯಿತು.’ ‘ಕಿಟಕಿ ಮೂರೂ ತೆಗೆದಿದೆ.’ ಓದಬಾರದ್ದನ್ನು ಓದಿದವಳಂತೆ ಅವಳು ಕಣ್ಣು ಹೊರಳಿಸಿದಳು.

“ಸದಸ್ಯರಾ ನೀವು?”

“ಅಲ್ಲ ಸರ್. ನೋಡೋಣ ಅಂತ ಬಂದೆ.”

“ನೋಡಿ ನೋಡಿ. ನೋಡೋದಕ್ಕೆ ಸದಸ್ಯರಾಗಬೇಕಿಲ್ಲ, ಎರಡು ಕಣ್ಣಿದ್ರೆ ಸಾಕು.”

ಕಪಾಟಿನ ಮುಂದೆ ಸ್ವಲ್ಪ ಹೊತ್ತು ಸುಳಿದಾಡಿದಳು. ಬೆನ್ನಿನಲ್ಲೂ ಕಣ್ಣಿದ್ದಂತೆ ಅವರ ಪ್ರತಿಯೊಂದು ಅಲುಗಾಟವೂ ತಿಳಿಯುತ್ತಿತ್ತು. ಅವರು ಎದ್ದರು, ಕಿಟಕಿಯವರೆಗೆ ಹೋದರು, ಅಗುಳಿ ಮುಟ್ಟಿ ನೋಡಿದರು, ಬಂದು ಕೂತು ಚೀಟಿಯಲ್ಲಿ ಏನೋ ಗೀಚಿದರು. ಅವಳ ಬಾಯಿ ಅವಳಿಗಿಂತ ಮುಂಚೆ ಕೇಳಿಬಿಟ್ಟಿತು: “ಪುಸ್ತಕಗಳನ್ನ ಕಂಪ್ಯೂಟರಲ್ಲಿ ಹುಡುಕೋ ಹಾಗಿದೆಯಾ ಸರ್?”

ಗ್ರಂಥಪಾಲಕರು ತಲೆ ಎತ್ತಲಿಲ್ಲ. “ಇರಬೇಕಿತ್ತು,” ಅಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, “ಅದೊಂದು ಕಥೆ ಬಿಡಿ. ಮೂರು ವಾರ ಅಭ್ಯಾಸ ಮಾಡಿದೆ. ಆಮೇಲೆ ಹೋದ ಸೋಮವಾರ ಶುರು ಹಚ್ಚಿಕೊಂಡೆ, ನಿಜವಾದ ಕೆಲಸ. ದಿನಕ್ಕೆ ಎಪ್ಪತ್ತು ಪುಸ್ತಕ. ಮೊದಲನೇ ಕಪಾಟು ಪೂರ್ತಿ ಮುಗಿಸಿದೆ ಅಂತ ನನ್ನ ತಲೆ ಹೇಳುತ್ತೆ. ಒಂದೂ ಸೇರಿಸಿಲ್ಲ ಅಂತ ಅದು ಹೇಳುತ್ತೆ.” ಕಂಪ್ಯೂಟರಿನ ಕಡೆ ಗದ್ದದಲ್ಲೇ ತೋರಿಸಿದರು. “ನಮ್ಮಿಬ್ಬರಲ್ಲಿ ಜನ ಯಾರ ಮಾತು ನಂಬ್ತಾರೆ, ನೀವೇ ಹೇಳಿ.”

“ನಿಮ್ಮದನ್ನೇ ನಂಬಬೇಕು.”

“ನನ್ನ ಮಗಳೇ ನಂಬಲಿಲ್ಲವಲ್ಲಮ್ಮ.” ನಕ್ಕರು. ನಗು ಅರ್ಧಕ್ಕೇ ನಿಂತಿತು. “ಅವಳದು ತಪ್ಪಿಲ್ಲ. ಹೋದ ತಿಂಗಳು ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕಿದ್ದೆ. ಇವತ್ತು ಮೂರು ಗಂಟೆಗೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾಳೆ. ಮರೆವಿನ ಪರೀಕ್ಷೆಯಂತೆ. ಗಡಿಯಾರದ ಚಿತ್ರ ಬರೆಸ್ತಾರಂತೆ. ನಿನ್ನೆಯೆಲ್ಲಾ ಬರೆದು ಬರೆದು ನೋಡಿದೆ.” ಮೇಜಿನ ಖಾನೆ ಸ್ವಲ್ಪ ಎಳೆದು ತೋರಿಸಿದರು. ಒಂದು ಹಾಳೆಯ ತುಂಬ ಗಡಿಯಾರಗಳು. ಎಲ್ಲವೂ ದುಂಡಗೆ, ಅಂಕಿಗಳೆಲ್ಲ ಅಚ್ಚು ಹಾಕಿದಂತೆ.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಪತ್ರದಲ್ಲಿ ಇದು ಇರಲಿಲ್ಲ. ‘ತಿಳಿಯುತ್ತಿಲ್ಲ’ ಎಂಬ ಒಂದು ಪದದ ಹಿಂದೆ ಇಷ್ಟು ಗಡಿಯಾರಗಳಿದ್ದವು ಎಂದು ಯಾರಿಗೆ ಗೊತ್ತು. ಭಯವಾಗಬೇಕಿತ್ತು. ಆದರೆ ಅವಳಿಗಾದದ್ದು ಬೇರೆಯೇ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ಒಂದು ತಹತಹ. ಹೇಗಾಯಿತು? ಇವರ ಬೆರಳು ಎಲ್ಲಿಗೆ ಹೋಯಿತು? ಎಂಟು ತಿಂಗಳು ಒಂಬತ್ತು ತಾಣಗಳ ಒಂದೊಂದು ಗೆರೆಯನ್ನೂ ಅಳೆದವಳು, ಅವುಗಳಲ್ಲಿ ಒಂದನ್ನಾದರೂ ಇನ್ನೊಬ್ಬರು ಬಳಸುವುದನ್ನು ಕಣ್ಣಾರೆ ಕಂಡಿರಲಿಲ್ಲ ಎಂಬುದು ಆಗಲೇ, ಅಲ್ಲೇ ಅವಳಿಗೆ ಹೊಳೆದದ್ದು.

“ಹೇಗೆ ಸೇರಿಸಿದ್ರಿ ಅಂತ ಒಂಚೂರು ತೋರಿಸ್ತೀರಾ ಸರ್?”

“ನಿಮಗೆ ಇದೆಲ್ಲ ಗೊತ್ತಾ?”

“ಸ್ವಲ್ಪ,” ಅಂದಳು. ಅದು ಸುಳ್ಳಲ್ಲ ಅಂದುಕೊಂಡಳು.

ಅವರು ಕುರ್ಚಿ ಸರಿಸಿ ಅವಳಿಗೊಂದು ಸ್ಟೂಲು ಎಳೆದರು. ಪರದೆಯ ಮೇಲ್ಗಡೆ ಅಂಚಿನಲ್ಲಿ ಎರಡು ಪುಟ್ಟ ಚಿತ್ರಗಳು ಅಕ್ಕಪಕ್ಕ ಕೂತಿದ್ದವು. ಎರಡೂ ಒಂದೇ: ನೀಲಿ ಚೌಕದೊಳಗೆ ತೆರೆದಿಟ್ಟ ಬಿಳಿ ಪುಸ್ತಕ. ಅದನ್ನು ಬರೆದದ್ದು ಅವಳೇ. ಪುಸ್ತಕದ ಬೆನ್ನು ಎಷ್ಟು ದಪ್ಪಗಿರಬೇಕೆಂದು ಗುಂಪಿನಲ್ಲಿ ಎರಡು ದಿನ ಚರ್ಚೆಯಾಗಿತ್ತು.

“ಮಗಳು ಇಟ್ಟುಕೊಟ್ಟಿದ್ದು. ಒಂದು ಅಭ್ಯಾಸದ್ದು, ಒಂದು ನಿಜದ್ದು. ಪಕ್ಕದಲ್ಲಿ ಹೆಸರು ಇತ್ತು, ಇಷ್ಟುದ್ದ. ಜಾಗ ತಿನ್ನುತ್ತೆ, ತೆಗಿ ಮಾರಾಯ್ತಿ ಅಂದೆ. ಬಣ್ಣ ಇತ್ತಲ್ಲ ಆಗ.” ಮೌಸನ್ನು ಮೆಲ್ಲಗೆ ಸರಿಸಿ ಎಡಗಡೆಯದನ್ನು ಒತ್ತಿದರು. ನೀಲಿ ತಲೆಪಟ್ಟಿ, ಬಿಳಿಯ ಅಂಗಳ, ನಡುವೆ ಉರುಟು ಮೂಲೆಯ ಗುಂಡಿ ಬಿಚ್ಚಿಕೊಂಡವು. “ಇದೇ ನೋಡಿ. ಇದು ನಿಜದ್ದು.”

ಅವಳ ಕಣ್ಣು ಮೇಲಿನ ವಿಳಾಸದ ಸಾಲಿಗೆ ಹೋಯಿತು. ಅದು ಅಭ್ಯಾಸದ ತಾಣದ ವಿಳಾಸ.

“ನಿಜದ್ದು ಅಂತ ಹೇಗೆ ಗೊತ್ತಾಯ್ತು ಸರ್?” ದನಿ ಸಣ್ಣಗಾಗಿತ್ತು.

ಇಂಥ ಪ್ರಶ್ನೆಯೂ ಉಂಟೇ ಎಂಬಂತೆ ಅವರು ನೋಡಿದರು. “ಕಿತ್ತಳೆ ಇಲ್ಲವಲ್ಲ! ಅಭ್ಯಾಸದ್ದು ಅಂದ್ರೆ ಕಿತ್ತಳೆ. ಮೇಲೆ ಇಷ್ಟಗಲ ಬರೆದಿರುತ್ತೆ, ಅಳಿಸಿಹೋಗುತ್ತೆ ಅಂತ. ಅದು ಎಂಥವನಿಗೂ ಗೊತ್ತಾಗುತ್ತೆ.”

ಅವಳು ಕೈ ಚಾಚಿ ಪುಟವನ್ನು ಕೆಳಕ್ಕೆ ಎಳೆದಳು. ಇನ್ನೂ ಕೆಳಕ್ಕೆ. ತಳದಲ್ಲಿ ಮಂಜಿನ ಬೂದಿನ ಎರಡು ಪದಗಳು ಇದ್ದವು, ಇರಬೇಕಾದಲ್ಲೇ, ಇರಬೇಕಾದಷ್ಟೇ. ಗ್ರಂಥಪಾಲಕರು ಕನ್ನಡಕ ಎತ್ತಿ ಮುಖವನ್ನು ಪರದೆಯ ಹತ್ತಿರ ಒಯ್ದರು. “ಏನೋ ಇದೆ ಇಲ್ಲಿ. ಧೂಳಾ?” ಎಂದು ಹೆಬ್ಬೆರಳಿನಿಂದ ಒರೆಸಿದರು. ಒರೆಸಿದರೂ ಹೋಗದ್ದನ್ನು ಕಂಡು ಇನ್ನೊಮ್ಮೆ ಒರೆಸಿದರು. ಅಷ್ಟರಲ್ಲಿ ಪೇಪರು ಓದುತ್ತಿದ್ದ ಮುದುಕರಲ್ಲೊಬ್ಬರು ಯಾವುದೋ ಹಳೆಯ ಸಂಚಿಕೆ ಕೇಳಿಕೊಂಡು ಬಂದರು. ಗ್ರಂಥಪಾಲಕರು ಎದ್ದು ಕೊನೆಯ ಕಪಾಟಿನತ್ತ ಹೋದರು. ಅವಳು ಎದ್ದು ಓದುವ ಮೇಜಿನ ಕೊನೆಯ ಕುರ್ಚಿಯಲ್ಲಿ ಕೂತು, ಕೈಗೆ ಸಿಕ್ಕ ಪೇಪರು ಎದುರಿಗೆ ಹಿಡಿದಳು.

ಪೇಪರಿನ ಕಾಲಂಗಳ ನಡುವಿನ ಅಂತರ ಸರಿಯಿರಲಿಲ್ಲ, ಅದೂ ಕಣ್ಣಿಗೆ ಬಿತ್ತು. ಇಂಥ ಹೊತ್ತಿನಲ್ಲೂ ಬೀಳುತ್ತದೆ. ಮದುವೆಯಾದ ಎರಡನೇ ವರ್ಷ ಅತ್ತೆಯ ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದದ್ದೂ ಹೀಗೆಯೇ. ಒಂದು ಬಿಸ್ಕತ್ತಿನ ತಗಡಿನ ಡಬ್ಬಿ, ಒಂದು ಹಾಲುಪುಡಿಯದು, ಒಂದಕ್ಕೆ ಹೊಟ್ಟೆ ನೆಗ್ಗು, ಒಂದಕ್ಕೆ ಮುಚ್ಚಳವೇ ಇಲ್ಲದೆ ಮೇಲೊಂದು ತಟ್ಟೆ. ಅತ್ತೆ ಊರಿಗೆ ಹೋಗಿದ್ದ ನಾಲ್ಕು ದಿನದಲ್ಲಿ ಅವಳು ಹದಿನಾರು ಸ್ಟೀಲಿನ ಡಬ್ಬಿ ತಂದು, ಎಲ್ಲವನ್ನೂ ಸುರಿದು, ಸಾಲಾಗಿ ಜೋಡಿಸಿದ್ದಳು. ಮನೆಗೆ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಗಳಿದ್ದರು. ಅತ್ತೆಯೂ ಹೊಗಳಿದ್ದರು. ಮೂರನೇ ದಿನ ಚಹಾಕ್ಕೆ ಉಪ್ಪು ಬಿತ್ತು. ಮನೆಯೆಲ್ಲಾ ನಕ್ಕಿತು, ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಎರಡನೇ ಸಲ ಕಡಿಮೆ ನಕ್ಕರು. ಒಂದು ಮಧ್ಯಾಹ್ನ ಅತ್ತೆ ಆ ಸಾಲಿನ ಮುಂದೆ ನಿಂತು, ಒಂದು ಮುಚ್ಚಳದ ಮೇಲೆ ಕೈಯಿಟ್ಟು, ತೆಗೆಯದೆ, ಬಹಳ ಹೊತ್ತು ಹಾಗೇ ನಿಂತದ್ದನ್ನು ಅವಳು ಹಿಂದಿನಿಂದ ನೋಡಿದ್ದಳು. ಆಮೇಲೆ ಅವರು ಅಡುಗೆಮನೆಗೆ ಬರುವುದನ್ನೇ ಬಿಟ್ಟರು. “ನೀನೇ ನೋಡ್ಕೋಮ್ಮ, ನಂಗೆ ಕೈ ಬರಲ್ಲ ಈಗ” ಎಂದರು. ಮರುವರ್ಷ ಡಾಕ್ಟರು ಅತ್ತೆಯ ಮರೆವಿಗೊಂದು ರೋಗದ ಹೆಸರು ಹೇಳಿದರು. ಆಗಲೇ ಶುರುವಾಗಿತ್ತು ನೋಡು, ಆ ಉಪ್ಪಿನ ದಿನದಿಂದಲೇ, ಎಂದು ಎಲ್ಲರೂ ಅಂದರು. ಅವಳೂ ಅಂದಳು. ಎಲ್ಲರಿಗಿಂತ ಮೊದಲು ಅಂದದ್ದು ಅವಳೇ ಇರಬೇಕು. ಆ ರೋಗದ ಹೆಸರು ಅವಳಿಗೆ ಬಿಡುಗಡೆಯ ಚೀಟಿಯ ಹಾಗೆ ಸಿಕ್ಕಿತ್ತು. ಆದರೆ ಉಪ್ಪು ಬಿದ್ದದ್ದು ರೋಗದಿಂದಲೋ, ಡಬ್ಬಿಯಿಂದಲೋ? ಹಳೆಯ ಡಬ್ಬಿಗಳಿದ್ದಿದ್ದರೆ ಇನ್ನೊಂದೆರಡು ವರ್ಷ ಅತ್ತೆ ತಮ್ಮ ಅಡುಗೆಮನೆಯಲ್ಲಿ ತಾವೇ ಇರುತ್ತಿದ್ದರೋ? ಕೇಳಲು ಈಗ ಯಾರೂ ಇರಲಿಲ್ಲ. ಗಂಡನನ್ನು ಕೇಳಿದರೆ ಎರಡೂ ಇರಬಹುದು ಎನ್ನುತ್ತಿದ್ದ, ಅದಕ್ಕೇ ಕೇಳಿರಲಿಲ್ಲ.

ಈಗ, ಈ ಕೋಣೆಯಲ್ಲಿ, ಉತ್ತರ ಅವಳ ಕೈಯಲ್ಲಿತ್ತು. ಎರಡೂ ಇರಬಹುದು ಎನ್ನುವಂತಿರಲಿಲ್ಲ. ಈ ಮನುಷ್ಯನ ತಲೆಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಅವರು ಬಣ್ಣ ನೋಡಿದರು, ಬಣ್ಣ ಸುಳ್ಳು ಹೇಳಿತು, ಬಣ್ಣ ಹಾಕಿದವಳು ತಾನು. ಇದು ತಿಳಿದೊಡನೆ ಎದೆ ಹಗುರಾದದ್ದು ಕಂಡು ಅವಳಿಗೇ ಸೋಜಿಗವಾಯಿತು. ತಪ್ಪು ತನ್ನದೇ ಎಂದು ಗೊತ್ತಾದರೆ ಹಗುರಾಗುವುದುಂಟೇ? ಆ ಹಗುರನ್ನು ತಿರುಗಿಸಿ ತಿರುಗಿಸಿ ನೋಡುತ್ತ ಅವಳು ಪೇಪರಿನ ಹಿಂದೆಯೇ ಕೂತಿದ್ದಳು. ಎದ್ದು ಹೋಗಿಬಿಡಬಹುದಿತ್ತು. ಮನೆಗೆ ಹೋಗಿ, ಗುಂಪಿಗೆ ಬರೆದು, ಪಟ್ಟಿಯನ್ನು ಮತ್ತೆ ಮೇಲಿಟ್ಟು, ಪತ್ರಕ್ಕೊಂದು ಸವಿನಯದ ಉತ್ತರ ಕಳಿಸಬಹುದಿತ್ತು: ‘ತಾಂತ್ರಿಕ ಕಾರಣದಿಂದ.’ ಆ ಪದಗಳು ಎಷ್ಟು ಸಲೀಸಾಗಿ ಬಂದವೆಂದರೆ, ಮನಸ್ಸು ಅವನ್ನು ಮೊದಲೇ ಜೋಡಿಸಿಟ್ಟಿತ್ತೇನೋ ಅನಿಸಿತು.

ಬಾಗಿಲ ಪಕ್ಕದ ಮೇಜಿನಲ್ಲಿ ಫೋನು ಹೊಡೆಯಿತು. “ಹೂಂ ಕಣಮ್ಮ... ತಯಾರಿದೀನಿ. ಊಟ ಆಯ್ತು... ಆಯ್ತು ಅಂತ ಬರ್ಕೊಂಡಿದೀನಿ. ಇಲ್ಲ ಕಣೆ, ತಮಾಷೆ ಅಲ್ಲ, ನಿಜವಾಗ್ಲೂ ಬರ್ಕೊಂಡಿದೀನಿ.” ಆ ಕಡೆಯ ಮಾತು ಕೇಳಿಸಿಕೊಂಡು, “ಗಡಿಯಾರ ಸರಿಯಾಗಿ ಬರುತ್ತೆ ಬಿಡು” ಎಂದರು. ಮಗು ಅಮ್ಮನಿಗೆ ಹೇಳುವ ದನಿಯಲ್ಲಿ.

ಅವಳು ಪೇಪರು ಮಡಚಿದಳು. ಮೇಜಿನ ಮುಂದೆ ಹೋಗಿ ನಿಂತಳು. ಹೇಗೆ ಶುರು ಮಾಡಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದು ಇಷ್ಟೇ: “ಸರ್, ಆ ಕಿತ್ತಳೆ ತೆಗೆದವಳು ನಾನು.”

“ಏನು?”

“ನೀವು ಒತ್ತಿದ್ದು ಅಭ್ಯಾಸದ ತಾಣ. ಅದಕ್ಕೆ ಮೊದಲು ಕಿತ್ತಳೆ ಬಣ್ಣ ಇತ್ತು. ಅದನ್ನ ತೆಗೆದು ಎಲ್ಲದರ ಥರ ನೀಲಿ ಮಾಡಿದ್ದು ನಾನು. ನೀವು ಧೂಳು ಅಂತ ಒರೆಸಿದ್ರಲ್ಲ, ಅಲ್ಲಿ ಬರೆದಿದ್ದೀನಿ, ಅಭ್ಯಾಸದ್ದು ಅಂತ. ಅದನ್ನ ಯಾರೂ ಓದಲ್ಲ. ನಿಮ್ಮ ಪತ್ರ ನೋಡಿ ಬಂದೆ. ಬಂದಾಗಲೇ ಹೇಳಬೇಕಿತ್ತು, ಹೇಳಲಿಲ್ಲ.”

ಅವರು ಪರದೆ ನೋಡಿದರು, ಅವಳನ್ನು ನೋಡಿದರು. ಒಂದು ಹಳದಿ ಚೀಟಿ ಕಿತ್ತು, ಮಡಚಿ, ಮತ್ತೂ ಮಡಚಿ ಸಣ್ಣದು ಮಾಡಿದರು. ಕೊನೆಗೆ, “ಹಾಗಾದ್ರೆ ನಾನು ಸೇರಿಸಿದ್ದು ನಿಜ” ಎಂದರು.

“ನಿಜ ಸರ್. ಆರು ದಿನ ಸೇರಿಸಿದೀರಿ. ಭಾನುವಾರ ಅದು ತಾನೇ ಅಳಿಸಿಹಾಕಿದೆ.”

“ನಾನ್ನೂರ ಹನ್ನೆರಡು.”

“ನಾನ್ನೂರ ಹನ್ನೆರಡು.”

“ಇನ್ನೊಂದ್ಸಲ ಹೇಳಿ.”

ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಸಿಟ್ಟು ಆಮೇಲೆ ಬಂತು, ದೂರದಿಂದ ನಡೆದು ಬಂದಂತೆ. “ಮೂರು ದಿನ ರೀ,” ಎಂದರು. “ಮೂರು ದಿನದಿಂದ ನಾನು ಬಚ್ಚಲಮನೆ ದೀಪ ಆರಿಸಿದ್ದನ್ನೂ ಬರೆದಿಟ್ಟುಕೊಳ್ತಿದೀನಿ. ಹೆಂಡತಿ ಹೋದ ತಾರೀಖು ನೆನಪಿದೆಯಾ ಅಂತ ರಾತ್ರಿ ಎದ್ದು ನೋಡ್ಕೊಂಡೆ.” ಪೇಪರಿನ ಮುದುಕರು ತಿರುಗಿ ನೋಡಿದರು. ಗ್ರಂಥಪಾಲಕರು ದನಿ ತಗ್ಗಿಸಿದರು. ಅವರ ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ, ಅವರೇ ಆದರೂ. “ಇದನ್ನ ಮಾಡೋ ಮುಂಚೆ ಯಾರನ್ನಾದ್ರೂ ಕೇಳಿದ್ರಾ?”

“ಕೇಳಿದ್ವಿ ಸರ್. ಎಂಟು ತಿಂಗಳು ಚರ್ಚೆ ಮಾಡಿದ್ವಿ.”

“ಯಾರನ್ನ ಕೇಳಿದ್ರಿ?”

“ನಮ್ಮನ್ನೇ.”

ಅವರು ಫೋನನ್ನು ಎತ್ತಿ, ಮಗಳ ನಂಬರು ಒತ್ತಿ, ಮೇಜಿನಾಚೆಯಿಂದ ಅವಳತ್ತ ಚಾಚಿದರು. “ನಂಗೆ ಹೇಳಿದ್ರೆ ಸಾಲದು. ಮಗಳಿಗೆ ಹೇಳಿ.”

ಮಗಳು ಮೊದಲು ನಂಬಲಿಲ್ಲ. “ಯಾರ್ರೀ ನೀವು? ಅಪ್ಪ ಹೇಳಿಸ್ತಿದಾರಾ?” ಎಂದಳು. ಇವಳು ಮೊದಲಿನಿಂದ ಹೇಳಿದಳು. ಗುಂಪು, ಒಂಬತ್ತು ತಾಣ, ನೀಲಿ. ಹೇಳುತ್ತ ಹೇಳುತ್ತ ಎಲ್ಲವೂ ಎಷ್ಟು ಅಸಂಬದ್ಧವಾಗಿ ಕೇಳಿಸುತ್ತಿದೆಯೆಂದು ಅವಳ ಕಿವಿಗೇ ಬಿತ್ತು. “ಅಂದ್ರೆ ಸಂಬಳ ಇಲ್ಲದೆ ಈ ಕೆಲಸ ಮಾಡ್ತೀರಾ?” ಎಂದು ಮಗಳು ಕೇಳಿದಳು. ಹೌದು ಎಂದಳು ಇವಳು. “ಯಾಕೆ?” ಎಂದಳು ಮಗಳು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಮಗಳಿಗೆ. ಚೆಂದ ಕಾಣಲಿ ಅಂತ, ಎನ್ನುವ ಮಾತು ಇವಳ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. “ಆ ಎರಡರ ಪಕ್ಕ ಹೆಸರು ತೆಗೆದವಳು ನಾನು,” ಎಂದಿತು ಆ ಕಡೆಯಿಂದ ಸಣ್ಣ ದನಿ. “ನಾನು ಬಂದು ಒಂದು ಸಲ ನೋಡಿದ್ರೆ ಆಗ್ತಿತ್ತು. ನೋಡ್ಲಿಲ್ಲ. ಅಪ್ಪಂಗೆ ವಯಸ್ಸಾಯ್ತು ಅಂದುಬಿಟ್ಟೆ. ಫೋನ್ ಅವರಿಗೆ ಕೊಡಿ.” ಗ್ರಂಥಪಾಲಕರು ಗೋಡೆಯ ಕಡೆ ತಿರುಗಿ ಮಾತಾಡಿದರು. “ಹೂಂ... ಹೂಂ... ಅಳಬೇಡ. ಹೋಗೋಣ, ಯಾವತ್ತಾದ್ರೂ ಹೋಗೋಣ. ಇವತ್ತು ಬೇಡ. ಇವತ್ತು ಕೆಲಸ ಇದೆ.”

ಅವಳು ಅಲ್ಲೇ ನಿಂತು ತನ್ನ ಫೋನಿನಲ್ಲಿ ಗುಂಪಿಗೆ ಬರೆದಳು. ಉದ್ದುದ್ದ ಬರೆದು ಅಳಿಸಿದಳು. ‘ಅಭ್ಯಾಸದ ತಾಣಕ್ಕೆ ವಿನಾಯಿತಿ ಬೇಕು. ಅಡ್ಡಪಟ್ಟಿ ಮೊದಲಿದ್ದಲ್ಲೇ ಬರಬೇಕು, ಇವತ್ತೇ. ಕಿರಿಕ್ ಹೇಳಿದ್ದು ಸರಿಯಿತ್ತು, ನಾನು ಹೇಳಿದ್ದು ಬರೀ ಚೆನ್ನಾಗಿತ್ತು.’ ಐದು ನಿಮಿಷ ಬಿಟ್ಟು ಒಂದೇ ಒಂದು ಹೆಬ್ಬೆರಳು ಬಂತು. ಯಾರದೆಂದು ಒತ್ತಿ ನೋಡಿದರೆ ಕಿರಿಕ್‌ನದು.

“ಬಣ್ಣ ಕಿತ್ತಳೆಯೇ ಇರಲಾ ಸರ್?” ಎಂದು ಕೇಳಿದಳು. ಇದುವರೆಗೆ ಯಾರನ್ನೂ ಹೀಗೆ ಕೇಳಿರಲಿಲ್ಲ. ಕೇಳುವುದರಲ್ಲೇ ಒಂದು ರುಚಿಯಿತ್ತು. “ನಿಮಗೆ ಇಷ್ಟವಿತ್ತಲ್ಲ.”

“ಇಷ್ಟವಾ?” ಅವರು ಮುಖ ಕಿವುಚಿದರು. “ಅದನ್ನ ನೋಡಿದ್ರೆ ತಲೆನೋವು ಬರ್ತಿತ್ತು ನಂಗೆ. ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಗೆ ಹೋಗ್ತಿದ್ದೆ. ಅದಕ್ಕೇ ಮರೀತಿರಲಿಲ್ಲ.”

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದಳು. ಅವರೂ ನಗುತ್ತಿದ್ದುದನ್ನು ಕಂಡು ಬಿಟ್ಟುಕೊಟ್ಟಳು. ಈ ನೀಲಿ ಹೇಗಿದೆ ಎಂದು ಕೇಳಿದಳು. “ಚೆಂದ ಇದೆ, ಸುಳ್ಳು ಯಾಕೆ ಹೇಳಲಿ,” ಎಂದರು ಅವರು, “ಅಂಗಿಗಾದ್ರೆ ನಾನೇ ಹೊಲಿಸ್ತಿದ್ದೆ.” ಈ ಹೊಗಳಿಕೆ ಆ ಮೂವತ್ತೊಂದರ ಜೊತೆ ಸೇರುವಂಥದ್ದಾಗಿರಲಿಲ್ಲ. ಇದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅತ್ತೆಯನ್ನೂ ಒಂದು ಸಲ ಕೇಳಿದ್ದರೆ, ಹಳೆಯ ಡಬ್ಬಿಗಳೂ ಅವರಿಗೆ ಇಷ್ಟವಿರಲಿಲ್ಲವೆಂದೇ ಹೇಳುತ್ತಿದ್ದರೇನೋ. ಇಷ್ಟ ಬೇರೆ, ಗುರುತು ಬೇರೆ. ಕೈಪಿಡಿಯ ಇಪ್ಪತ್ತಾರು ಪುಟಗಳಲ್ಲಿ ಇಷ್ಟದ ಬಗ್ಗೆ ಬೇಕಾದಷ್ಟಿತ್ತು.

ಗ್ರಂಥಪಾಲಕರು ಆಗಲೇ ಮೊದಲನೇ ಕಪಾಟಿನಿಂದ ಒಂದು ತೆಕ್ಕೆ ಪುಸ್ತಕ ತಂದು ಮೇಜಿನ ಮೇಲೆ ಇಳಿಸಿದ್ದರು. “ಕೂತ್ಕೊಳ್ಳಿ. ನಾನು ಓದ್ತೀನಿ, ನೀವು ಟೈಪ್ ಹೊಡೀರಿ. ನಿಮ್ಮ ಬೆರಳು ಓಡುತ್ತೆ ಅಂತ ಕಾಣುತ್ತೆ.” ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎಡಗಡೆಯ ಚಿತ್ರ, ಬಲಗಡೆಯ ಚಿತ್ರ, ಎರಡನ್ನೂ ಒಂದಾದ ಮೇಲೊಂದು ತೆರೆದು ಅವಳು ವಿಳಾಸದ ಸಾಲು ತೋರಿಸಿ ವಿವರಿಸಿದಳು. ಅವರು ಎರಡನ್ನೂ ತಾವೇ ಒತ್ತಿ, ಹಿಂದೆ ಮುಂದೆ ಹೋಗಿ ಬಂದು, ಕುತೂಹಲದಿಂದ ನೋಡಿದರು. ಆಮೇಲೆ ಮೊದಲ ಪುಸ್ತಕ ತೆರೆದು ಹೆಸರು ಓದಿದರು, ಬರೆದವರ ಹೆಸರು, ವರ್ಷ, ಪುಟ. ಅವಳು ಹೊಡೆದಳು. ಕಪಾಟಿನ ಸಂಖ್ಯೆ ಹೇಳಿದರು. ಅದನ್ನೂ ಹೊಡೆದು ಗುಂಡಿಯ ಮೇಲೆ ಬೆರಳು ತಂದಾಗ ಅವರು ಕೈ ಅಡ್ಡ ಹಿಡಿದರು.

“ತಡೀರಿ. ಇದು ನಿಜದ್ದೇ ತಾನೆ?”

ಅವಳು ಪರದೆ ನೋಡಿದಳು. ನೀಲಿ ತಲೆಪಟ್ಟಿ, ಅದರ ಕೆಳಗೆ ಅಳೆದು ಬಿಟ್ಟ ಬಿಳಿ, ಒಂದಕ್ಕೊಂದು ತಾಗದೆ ಉಸಿರಾಡುತ್ತಿರುವ ಅಕ್ಷರಗಳು, ಉರುಟು ಮೂಲೆಯ ಗುಂಡಿ. ಒಂದೊಂದು ಗೆರೆಯನ್ನೂ ಅವಳು ಎಳೆದದ್ದು. ಕೊನೆಗೆ ಯಾವುದನ್ನು ಒತ್ತಿದ್ದು, ಎಡಗಡೆಯದನ್ನೋ ಬಲಗಡೆಯದನ್ನೋ, ನೆನಪಿಗೆ ಬರಲಿಲ್ಲ. ಮುಖವನ್ನು ಹತ್ತಿರ ಒಯ್ದಳು.

“ಒಂದು ನಿಮಿಷ ಇರಿ ಸರ್,” ಎಂದಳು, “ನಂಗೂ ಗೊತ್ತಾಗ್ತಿಲ್ಲ.”